ಮೈಕಲನ ಹೊಲ ಹುಡುಕಿದ ದಾನವ್ವ

ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಹೇವರ್ಡ್‌ನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದು ದಾನವ್ವ ಕೂತಿದ್ದಾರೆ. ಪರದೆಯ ಮೇಲೆ ಐರ್ಲೆಂಡಿನ ಕಿಲ್‌ಬ್ರಾನ್ ಎಂಬ ಪ್ಯಾರಿಷ್‌ನ, ಅಂದರೆ ಒಂದೇ ಚರ್ಚಿಗೆ ಸೇರಿದ ಹಳ್ಳಿಗಳ, ಹಳೆಯ ನಕಾಶೆ. ಕಲ್ಲಿನ ಬೇಲಿಗಳ ನಡುವೆ ಅಂಗೈಯಗಲದ ಹೊಲಗಳು.

"ಅಲ್ಲಿ ಈಗ ಮಧ್ಯಾಹ್ನರೀ. ಮಂದಿ ಫೋನ್ ಎತ್ತೂ ಹೊತ್ತು," ಎನ್ನುತ್ತಾರೆ.

"ನನ್ ಆಫೀಸು ಮೀಟಿಂಗಿಗಿಂತ ಅವ್ವಂದೇ ಅರ್ಲಿ," ಎಂದು ಮಗಳು ಸ್ನೇಹಲ್ ಒಳಗಿನಿಂದ ಗೊಣಗುತ್ತಾಳೆ.

ಗೋಕಾಕ ಕಡೆಯ ದಾನವ್ವ ಮೊದಲು ಇಲ್ಲಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದರು. ಬೆನ್ನು ಕೈಕೊಟ್ಟ ಮೇಲೆ, ಜನರ ಪೂರ್ವಿಕರನ್ನು ಹುಡುಕಿಕೊಡುವ ಸಣ್ಣ ಕಚೇರಿಯೊಂದರಲ್ಲಿ ಹಳೆಯ ದಾಖಲೆ ಓದುವ ಕೆಲಸ ಹಿಡಿದರು. ಆ ಮಸುಕು ಕೈಬರಹ ಕಣ್ಣಿಗೆ ಹತ್ತಲು ಒಂದು ಚಳಿಗಾಲ ಬೇಕಾಯಿತು. ಈಗ ವಾರಕ್ಕೆ ನಾಲ್ಕೈದು ಕುಟುಂಬಗಳ ಹೊಲಮನೆ ಪತ್ತೆಹಚ್ಚುತ್ತಾರೆ.

ಈ ವಸಂತದಲ್ಲಿ ಬಂದವರು ಸ್ಯಾನ್ ಫ್ರಾನ್ಸಿಸ್ಕೋದ ನಿವೃತ್ತ ಬಸ್ ಚಾಲಕ ಪ್ಯಾಟ್ ಹೆಗಾರ್ಟಿ. ಕಿಲ್‌ಬ್ರಾನ್‌ನಲ್ಲಿ ಉತ್ತು ಬದುಕಿದವರ ಹೆಸರುಗಳನ್ನು ಚರ್ಚಿನ ಅಂಗಳದ ಕಲ್ಲಿನಲ್ಲಿ ಆ ಊರಿನ ಸಮಿತಿಯೊಂದು ಕೆತ್ತಿಸುತ್ತಿದೆ. ಪ್ಯಾಟ್‌ರ ಅಜ್ಜ ಮೈಕಲ್‌ನ ಹೆಸರು ಮಾತ್ರ ಯಾವ ಜಮೀನು ದಾಖಲೆಯಲ್ಲೂ ಇಲ್ಲ. ಅಂಥ ರೈತನೇ ಇರಲಿಲ್ಲ ಎಂದಿತು ಆ ಸಮಿತಿ. ಅಜ್ಜ ಹೇಳಿದ್ದೆಲ್ಲ ಸುಳ್ಳೇ ಎಂದು ಎಂಬತ್ತು ದಾಟಿದ ಮೊಮ್ಮಗ ಕೊರಗುತ್ತಿದ್ದರು.

ಎಲ್ಲರೂ ಹೆಗಾರ್ಟಿಗಳ ಹೊಲ ಹುಡುಕಿದ್ದರು. ದಾನವ್ವ ಚರ್ಚಿನ ಮದುವೆ ದಾಖಲೆ ತೆರೆದರು.

"ನಮ್ಮಪ್ಪ ಮನಿಅಳಿಯ ಇದ್ದರಿ. ಜೀವನಪೂರ್ತಿ ದುಡದ ಹೊಲ, ಅದರ ಕಾಗದ, ಉತಾರದಾಗ ಮಾತ್ರ ಮಾವನ ಹೆಸರು. ಮಂದಿ 'ಹೆಂಡ್ತಿ ಮನಿ ಎತ್ತು' ಅಂತ ಆಡಿಕೋತಿದ್ರು. ಈ ಮೈಕಲ್ಲನೂ ಹಂಗ ಹೋಗಿರಬೇಕು ಅನ್ನಿಸ್ತು."

ಹಾಗೇ ಆಗಿತ್ತು. ಡೆವ್ಲಿನ್ ಎಂಬ ರೈತನ ಒಬ್ಬಳೇ ಮಗಳು ಬ್ರಿಜೆಟ್‌ಳನ್ನು ಮದುವೆಯಾಗಿ ಮೈಕಲ್ ಆ ಮನೆ ಸೇರಿದ್ದ. ಜಮೀನು ಕೊನೆವರೆಗೂ ಮಾವನ ಹೆಸರಿನಲ್ಲೇ ಉಳಿದಿತ್ತು. ಡೆವ್ಲಿನ್ ಹೊಲವನ್ನು ನಕಾಶೆಯಲ್ಲಿ ಗುರುತಿಸಿ ದಾನವ್ವ ಸಮಿತಿಯ ಕಾರ್ಯದರ್ಶಿ ನೋರಾಗೆ ಕಳಿಸಿದರು.

"ನೋಡಿ ನಕ್ಕೇಬಿಟ್ಟಳ್ರಿ. ಊರಾಗ ಇವತ್ತಿಗೂ ಅದಕ್ಕ ಮೈಕಲನ ಹೊಲ ಅಂತಾರಂತ. ಯಾವ ಮೈಕಲ್ ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲಂತ."

ಇವತ್ತಿನ ಕರೆ ಕೆತ್ತನೆಯ ಅಕ್ಷರಗಳನ್ನು ಅಂತಿಮಗೊಳಿಸಲು. ಪ್ಯಾಟ್ ಕೂಡ ಪರದೆಯ ಮೇಲೆ ಬಂದಿದ್ದಾರೆ, ಇಷ್ಟು ಬೆಳಿಗ್ಗೆಯೇ ಟೈ ಕಟ್ಟಿಕೊಂಡು. ನೋರಾ 'ಮೈಕಲ್ ಹೆಗಾರ್ಟಿ' ಎಂದು ಓದುತ್ತಾರೆ. ದಾನವ್ವ ತಡೆಯುತ್ತಾರೆ. ಅದರ ಮೇಲೆ ಇನ್ನೊಂದು ಹೆಸರು ಬರಬೇಕು, ಬ್ರಿಜೆಟ್‌ಳದು. ಪ್ಯಾಟ್ ಕಣ್ಣೊರೆಸಿಕೊಂಡು ತಲೆಯಾಡಿಸುತ್ತಾರೆ. ನೋರಾ ಬರೆದುಕೊಳ್ಳುತ್ತಾರೆ.

ಕರೆ ಮುಗಿದಾಗ ಕಿಟಕಿಯಲ್ಲಿ ಬಿಸಿಲು ಬಿದ್ದಿದೆ. ಆರಿದ ಚಹಾವನ್ನೇ ಎತ್ತಿಕೊಂಡು ದಾನವ್ವ ಹೇಳುತ್ತಾರೆ:

"ಹೊಲ ಅಕೀದಲ್ರಿ? ನಮ್ಮವ್ವನ ಹೆಸರು ಯಾವ ಉತಾರದಾಗೂ ಬರಲಿಲ್ಲ. ಇಕೀದರ ಕಲ್ಲಿನ ಮ್ಯಾಲ ಬರಲಿ."