ತೆಂಗಿನ ನಾರಿನ ಸೇಡು

ಹಗೆ ಮರೆಯದ ಪ್ರಾಣಿ ಎಂದು ಹಾವಿಗೆ ಸುಮ್ಮನೆ ಹೆಸರು ಬಂದಿದೆ. ಹಾವು ಕೂಡ ಗಾದಿರಾಯನ ಅಂಗಡಿಗೆ ಬಂದು, ಮೂಲೆಯಲ್ಲಿ ಸುರುಳಿ ಸುತ್ತಿ ಕೂತು, ಕೆಲವು ಕಾಲ ಪಾಠ ಹೇಳಿಸಿಕೊಂಡು ಹೋಗಬೇಕಿತ್ತು. ಕಚ್ಚಿ ಮುಗಿಸುವುದು ಸೇಡಲ್ಲ, ಅದು ಅವಸರ ಎಂಬ ಮೊದಲ ಪಾಠ ಅದಕ್ಕೆ ಅಲ್ಲಿ ಸಿಗುತ್ತಿತ್ತು.

ಗಾದಿರಾಯ ಎಂಬುದು ಅವನ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಸೋಫಾ, ಕುರ್ಚಿ, ಬೆಂಚುಗಳಿಗೆ ಗಾದಿ ಕೂರಿಸುವುದು ಅವನ ಕಸುಬು. ಪುರಾಣದ ವೀರರು ಕೆಲವರು ಬಿಲ್ಲು ಹಿಡಿದರು, ಕೆಲವರು ಗದೆ ಹಿಡಿದರು. ನಮ್ಮ ವೀರ ಹಿಡಿದದ್ದು ತೆಂಗಿನ ನಾರು. ಬೇಕಾದವರ ಗಾದಿಯಲ್ಲಿ ನಾರನ್ನು ಅಡಿಗೆ ಹಾಕಿ, ಮೇಲೆ ದಪ್ಪಗೆ ಹತ್ತಿ ಹಾಸಿ, ಆಮೇಲೆ ಬಟ್ಟೆ ಎಳೆಯುತ್ತಿದ್ದ. ಬೇಡದವರ ಗಾದಿಯಲ್ಲಿ ಹತ್ತಿ ಅಡಿಗೆ, ನಾರು ಮೇಲಕ್ಕೆ. ಅದರಲ್ಲೂ ಆರಿಸಿದ ಒರಟು ನಾರು. ಕೂತ ತಕ್ಷಣ ಏನೂ ತಿಳಿಯುವುದಿಲ್ಲ. ಗಾದಿ ಮೈಶಾಖಕ್ಕೆ ಬೆಚ್ಚಗಾಗಬೇಕು, ಕೂತವರು ಮಾತಿನಲ್ಲಿ ಮೈಮರೆಯಬೇಕು. ಆಗ ನಾರಿನ ತುದಿಗಳು ಒಂದೊಂದಾಗಿ ಬಟ್ಟೆಯ ಮೇಲೆ ತಲೆ ಎತ್ತುತ್ತವೆ. ನಾಲ್ಕು ಜನರ ಮುಂದೆ ಕೆರೆದುಕೊಳ್ಳಲಾಗದ ಜಾಗದಲ್ಲಿ ಕೆರೆತ ಶುರುವಾಗುತ್ತದೆ.

ಬೇರೆ ಆಯುಧ ಬಿಟ್ಟು ಕೆರೆತವನ್ನೇ ಏಕೆ ಆರಿಸಿದ ಎಂದರೆ, ಅವನ ಮನೆಯ ಬಂಡವಾಳವೇ ಅದು. ಅವನ ಬಲಗಾಲಿನ ಮೊಣಕಾಲಿನ ಕೆಳಗೆ, ಮದುವೆಗೂ ಮುಂಚಿನಿಂದ, ಅಂಗೈಯಗಲದ ಒಂದು ಚರ್ಮರೋಗದ ಪಟ್ಟು ಇತ್ತು. ನೇರಳೆ ಬಣ್ಣ, ಆನೆ ಚರ್ಮದಷ್ಟು ದಪ್ಪ, ಮೇಲೆ ಬೂದು ಹೊಟ್ಟು. ಹೆಂಡತಿಗಿಂತ ಮೊದಲು ಮನೆಗೆ ಬಂದದ್ದು, ಹೆಂಡತಿಗಿಂತ ಹೆಚ್ಚು ಮಾತಾಡಿಸಿಕೊಂಡದ್ದು. ಅದು ಕೆರೆದರೆ ಇವನು ಸುಮ್ಮನಿರುವವನೇ? ಗಾದಿಯ ಅಡಿಪಟ್ಟಿಯನ್ನು ಬಿಗಿಯಾಗಿ ಎಳೆಯಲು ಬಳಸುವ ಹಲ್ಲಿನ ಹಲಗೆಯಿಂದ ಕೆರೆದು ತೀರಿಸುತ್ತಿದ್ದ. ರಕ್ತ ಕಂಡರೆ ಶತ್ರು ಸೋತನೆಂದು ಲೆಕ್ಕ.

ಆ ಪಟ್ಟಿನ ದೆಸೆಯಿಂದಲೇ ಅವನಿಗೆ ಇಬ್ಬರು ಮುಖ್ಯ ವೈರಿಗಳು ಹುಟ್ಟಿಕೊಂಡರು.

ಒಬ್ಬಳು ಅತ್ತಿಗೆ. ಅಣ್ಣನ ಮನೆಗೆ ಹೋದಾಗಲೆಲ್ಲ ಅವಳು ಬಚ್ಚಲಮನೆಯ ಪ್ಲಾಸ್ಟಿಕ್ ಸ್ಟೂಲನ್ನು ತಂದಿಡುತ್ತಿದ್ದಳು. "ಇಲ್ಲಿ ಕೂತ್ಕೊಳಪ್ಪ, ಸೋಫಾ ಮೇಲೆ ನಿನ್ನ ಹೊಟ್ಟು ಉದುರುತ್ತೆ." ಅವನು ಕೂರುತ್ತಿದ್ದ, ನಗುತ್ತಿದ್ದ. ಆ ಸೋಫಾ ಒಂದು ದಿನ ಕುಸಿಯಿತು. ಹೊರಗಿನವರಿಗೆ ಕೂಲಿ ಏಕೆ ಎಂದು ಅತ್ತಿಗೆ ಅದನ್ನು ಮೈದುನನಿಗೇ ಕೊಟ್ಟಳು. ಅಂದಿನಿಂದ ಅವಳ ಮನೆಗೆ ಬಂದ ನೆಂಟರು ಚಹಾ ಆರುವ ಮೊದಲೇ ಏಳುತ್ತಾರೆ. ತನ್ನ ಗಾಂಭೀರ್ಯಕ್ಕೆ ಅಂಜಿ ಹೀಗೆ ಎಂದು ಅವಳ ನಂಬಿಕೆ.

ಎರಡನೆಯ ವೈರಿ ಚರ್ಮದ ಡಾಕ್ಟರು. ಎಷ್ಟೋ ವರ್ಷಗಳ ಹಿಂದೆ ಗಾದಿರಾಯ ಅವರಿಗೆ ಕಾಲು ತೋರಿಸಲು ಹೋಗಿದ್ದ. ಡಾಕ್ಟರು ಆಗಿನ್ನೂ ಹುಡುಗುಬುದ್ಧಿಯವರು. ಬಾಗಿಲು ತೆರೆದಿತ್ತು, ಹೊರಗೆ ಬೆಂಚು ತುಂಬ ಜನ. ಕೆರೆದ ಗುರುತುಗಳನ್ನು ನೋಡಿ ಅವರು ಎಲ್ಲರಿಗೂ ಕೇಳುವಂತೆ, "ಕೋತಿ ಹುಣ್ಣು ಬ್ರಹ್ಮರಾಕ್ಷಸ ಅಂತಾರಲ್ಲ, ನೋಡಿ, ಇದೇ" ಎಂದರು. ಬೆಂಚು ನಕ್ಕಿತು. ಗಾದಿರಾಯ ಮುಲಾಮಿನ ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡು, ರೋಗಿಯಾಗಿ ಇನ್ನು ಈ ಹೊಸ್ತಿಲು ತುಳಿಯೆನೆಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿ ಎದ್ದುಬಂದ.

ಕಸುಬುದಾರನಾಗಿ ತುಳಿಯಬಾರದೆಂದು ಪ್ರತಿಜ್ಞೆಯಲ್ಲಿ ಇರಲಿಲ್ಲ. ಮಾರನೆಯ ವರ್ಷ ಕಾಂಪೌಂಡರು ಬಂದು, ಬೆಂಚುಗಳ ರೆಕ್ಸಿನ್ ಹರಿದಿದೆ, ಡಾಕ್ಟರ ಕುರ್ಚಿಯನ್ನೂ ಸೇರಿಸಿ ಹೊಸದು ಮಾಡಿ ಎಂದ. "ರೆಕ್ಸಿನ್ ಬೆವರುತ್ತೆ. ಬಟ್ಟೆ ಹಾಕೋಣ, ತಂಪಾಗಿರುತ್ತೆ" ಎಂದು ಗಾದಿರಾಯ ಹಿತವಚನ ಹೇಳಿದ. ನಕ್ಕ ಬೆಂಚಿಗೆ ಒರಟು ನಾರು ಬಿತ್ತು. ಡಾಕ್ಟರ ಕುರ್ಚಿಗೆ ಅವನು ಬೇರೆಯೇ ನಾರು ತರಿಸಿದ. ಅಂದಿನಿಂದ ಆ ಚಿಕಿತ್ಸಾಲಯದಲ್ಲಿ ಮುಖದ ಮೊಡವೆಗೆಂದು ಬಂದವರೂ ಕೂತಲ್ಲಿ ಕೆರೆತ ಎಂದು ಒಂದು ಮುಲಾಮು ಹೆಚ್ಚು ಬರೆಸಿಕೊಂಡು ಹೋಗತೊಡಗಿದರು. ಗಾದಿರಾಯ ಅಂಗಡಿಯಲ್ಲಿ ಕೂತು, ಈ ಸುದ್ದಿ ಕೇಳುತ್ತ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ನಗುತ್ತಿದ್ದ. ಕಾಲು ಮಾತ್ರ ಯಾರೂ ನೋಡದೆ ಹಾಗೇ ಉಳಿಯಿತು.

ಈಚೆಗೆ ಒಂದು ವಿಚಿತ್ರ ನಡೆಯಿತು. ಪಟ್ಟಿನ ನಡುವೆ ಒಂದು ಜಾಗ ಕೆರೆಯುವುದನ್ನು ನಿಲ್ಲಿಸಿತು. ಗಾದಿರಾಯ ವಿಜಯ ಘೋಷಿಸಿದ. ಆದರೆ ಅವನ ಪ್ಯಾಂಟು ಒಗೆಯುವವಳು ಹೆಂಡತಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಲೆ ಕಂಡು, ಅವನು ಊಟಕ್ಕೆ ಕೂತಿದ್ದಾಗ ಪ್ಯಾಂಟು ಮೇಲೆತ್ತಿ ನೋಡಿದಳು. ಗಟ್ಟಿ ಅಂಚಿನ ಒಂದು ಗಂಟು, ಹೂಕೋಸಿನ ಹಾಗೆ ಬಿರಿದು, ನಡುವೆ ಆರದ ಹುಣ್ಣು.

"ಇದು ಯಾವಾಗಿಂದ?"

"ಸಾಯ್ತಾ ಇದೆ ಅದು. ಕೆರೆತಾನೇ ಇಲ್ಲ."

"ಸಾಯ್ತಿರೋದು ದಪ್ಪ ಆಗುತ್ತಾ? ಏಳಿ, ಡಾಕ್ಟರ ಹತ್ರ ಹೋಗೋಣ."

"ಆ ಮನುಷ್ಯನ ಮುಂದೆ ಕಾಲು ಚಾಚೋದಕ್ಕಿಂತ ಕಾಲು ಹೋದ್ರೂ ಪರವಾಗಿಲ್ಲ."

ಊರಿನಲ್ಲಿ ಚರ್ಮಕ್ಕೆ ಅವರೊಬ್ಬರೇ. ಹೆಂಡತಿ ಅಳಲಿಲ್ಲ, ಬೇಡಲಿಲ್ಲ. ಗಂಡನನ್ನು ಅವಳಷ್ಟು ಓದಿಕೊಂಡವರಿಲ್ಲ. ತಟ್ಟೆ ಎತ್ತುತ್ತ ಹೇಳಿದಳು: "ಸರಿ. ನೀವು ಹೋದ ದಿನ ನಿಮ್ಮತ್ತಿಗೆ ಬರ್ತಾರೆ. ನಿಮ್ಮ ಕುರ್ಚಿ ಮೇಲೆ ಕೂತು ಅಳ್ತಾರೆ. ಅದಕ್ಕೆ ಹಾಕಿರೋದು ಪೂರ್ತಿ ಹತ್ತಿ. ಆರಾಮಾಗಿ, ಸಂಜೆವರೆಗೂ ಅಳ್ತಾರೆ."

ಗಾದಿರಾಯ ಎದ್ದು ಅಂಗಿ ಹಾಕಿಕೊಂಡ.

ಚಿಕಿತ್ಸಾಲಯದಲ್ಲಿ ಜನವೋ ಜನ. ಅವನು ನಿಂತೇ ಇದ್ದ. "ಕೂತ್ಕೊಳ್ಳಿ ಅಣ್ಣ, ಕಾಲು ಊದಿದೆ" ಎಂದು ಕಾಂಪೌಂಡರು ಒತ್ತಾಯಿಸಿದ. "ನಿಂತ್ರೇನೇ ಹಿತ" ಎಂದ. ಕಾಲು ಆ ಮಾತಿಗೆ ಒಪ್ಪಲಿಲ್ಲ. ಕೊನೆಗೆ ತನ್ನ ಕೈಯಾರೆ ಮೊಳೆ ಹೊಡೆದ ಬೆಂಚಿನ ಮೇಲೆ ತಾನೇ ಕೂತ. ಗಾದಿ ಬೆಚ್ಚಗಾಯಿತು. ಎಷ್ಟೋ ವರ್ಷ ಜನ ಕೂತೆದ್ದರೂ ನಾರು ಮೆತ್ತಗಾಗಿರಲಿಲ್ಲ, ಒಳ್ಳೆಯ ಮಾಲು.

ಪಕ್ಕದ ಮುದುಕ ಹೊರಳುತ್ತ ಕೇಳಿದ, "ನಿಮಗೂ ಆಗ್ತಿದೆಯಾ? ಯಾವ ಪಾಪಿ ಮಾಡಿದ್ನೋ ಇದನ್ನ. ಅವನ ಕೈ ಸೇದಿಹೋಗ."

"ಹೋಗ್ಲಿ ಬಿಡಿ ಯಜಮಾನ್ರೇ, ಶಾಪ ಯಾಕೆ" ಎಂದ ಗಾದಿರಾಯ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು.

ಒಳಗೆ ಡಾಕ್ಟರ ತಲೆ ನರೆತಿತ್ತು. ತಮ್ಮ ಕುರ್ಚಿಯಲ್ಲಿ ಅವರು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿದ್ದರು. ಗಾದಿರಾಯ ಅದನ್ನು ಕಣ್ತುಂಬ ನೋಡಿದ. ಆದರೆ ಗಂಟನ್ನು ಕಂಡದ್ದೇ ಅವರು ವಾಲುವುದನ್ನು ನಿಲ್ಲಿಸಿದರು. ಎದ್ದು ಬಂದು ನೆಲದ ಮೇಲೆ ಮೊಣಕಾಲೂರಿ, ಅಂಚನ್ನು ಒತ್ತಿ ನೋಡಿ, ತೊಡೆಸಂದಿಯಲ್ಲಿ ಗಡ್ಡೆ ಇದೆಯೇ ಎಂದು ಮುಟ್ಟಿ ನೋಡಿದರು.

"ಇದರ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು. ಚರ್ಮದ ಉರಿಯೂತ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕೂತ್ರೆ ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗುತ್ತೆ. ಎಲ್ಲರಿಗೂ ಆಗಲ್ಲ, ಹೆಚ್ಚಿನವರಿಗೆ ಏನೂ ಆಗಲ್ಲ. ಆದ್ರೆ ಹಳೇ ಪಟ್ಟಿನಲ್ಲಿ ಹೊಸ ಗಂಟು ಎದ್ರೆ, ಹುಣ್ಣು ಆರದಿದ್ರೆ ಬಿಡೋ ಹಾಗಿಲ್ಲ."

"ಕೆರೆದು ಕೆರೆದು ಇವರೇ ತಂದ್ಕೊಂಡ್ರಾ ಡಾಕ್ಟ್ರೇ?" ಎಂದಳು ಹೆಂಡತಿ.

"ಹಾಗನ್ನೋಕಾಗಲ್ಲಮ್ಮ. ಕೆರೆಯೋ ಹಾಗೆ ಮಾಡೋದೇ ಆ ಕಾಯಿಲೆ. ಚಿಕಿತ್ಸೆ ಮಾಡಿಸ್ಕೊಂಡು ಆಗಾಗ ತೋರಿಸ್ತಿದ್ರೆ ಇದನ್ನ ಗಂಟಾಗೋ ಮೊದಲೇ ಹಿಡೀಬಹುದಿತ್ತು. ಮೊದಲು ಯಾರಿಗೂ ತೋರಿಸಿರಲಿಲ್ವಾ?"

"ನಿಮಗೇ ತೋರಿಸಿದ್ದೆ" ಎಂದ ಗಾದಿರಾಯ.

"ಹೌದಾ? ನೆನಪಿಲ್ಲ. ಹಾಗಾದ್ರೆ ಆಗಾಗ ಬರೋಕೆ ಹೇಳಿರ್ತೀನಲ್ಲ."

"ಇಲ್ಲ. ನೀವು ಗಾದೆ ಹೇಳಿದ್ರಿ."

ಯಾವ ಗಾದೆ ಎಂದೂ ಅವನು ಹೇಳಿದ. ಡಾಕ್ಟರು ಎದ್ದುಹೋಗಿ ಬಾಗಿಲು ಮುಚ್ಚಿ ಬಂದರು. "ತಪ್ಪು ನಂದು" ಎಂದರು. ಇಷ್ಟು ವರ್ಷ ನಾರಿನಿಂದ ಆಗದ್ದು ಆ ಒಂದು ಮಾತಿನಿಂದ ಆಯಿತು. ಅವರು ನಿಜಕ್ಕೂ ಚುಚ್ಚಿಸಿಕೊಂಡಂತೆ ಕಂಡರು. ಗಾದಿರಾಯನಿಗೆ ಮಾತ್ರ ಗೆದ್ದ ಹಾಗೆ ಅನಿಸಲಿಲ್ಲ. ಬೆಂಚಿನ ಮೇಲೆ ಕೂತವರೆಲ್ಲ ಕೆರೆದುಕೊಂಡು ಮನೆಗೆ ಹೋಗಿದ್ದರು. ಬಾರದೆ ಉಳಿದು ಗಂಟು ಬೆಳೆಸಿಕೊಂಡವನು ಅವನೊಬ್ಬನೇ.

ಚೂರು ಪರೀಕ್ಷೆಗೆ ಹೋಯಿತು. ಕ್ಯಾನ್ಸರೇ ಎಂದು ಬಂತು. ಆದರೆ ಚರ್ಮ ದಾಟಿರಲಿಲ್ಲ. ಡಾಕ್ಟರೇ ದೊಡ್ಡಾಸ್ಪತ್ರೆಗೆ ಫೋನು ಮಾಡಿ ಶಸ್ತ್ರಚಿಕಿತ್ಸೆಗೆ ಏರ್ಪಾಡು ಮಾಡಿದರು. ಅಲ್ಲಿಯವರು ಸುತ್ತ ಒಂದಿಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ಗಂಟನ್ನು ಕೊಯ್ದು ತೆಗೆದರು, ತೊಡೆಯ ಚರ್ಮ ತಂದು ತೇಪೆ ಹಾಕಿದರು. ಎಚ್ಚರವಾದಾಗ ಗಾದಿರಾಯ ಮೊದಲು ಕೇಳಿದ್ದು ತೆಗೆದದ್ದನ್ನು ಏನು ಮಾಡಿದಿರಿ ಎಂದು.

"ಲ್ಯಾಬಿಗೆ ಹೋಗಿದೆ. ತೆಳ್ಳಗೆ ಚೂರು ಚೂರು ಮಾಡಿ ನೋಡ್ತಾರೆ" ಎಂದಳು ನರ್ಸು.

"ಎಷ್ಟು ತೆಳ್ಳಗೆ?"

"ಆಚೆಗಿನ ಬೆಳಕು ಕಾಣೋಷ್ಟು."

"ಹಾಗೇ ಆಗ್ಬೇಕು ಅದಕ್ಕೆ" ಎಂದು ಅವನು ತೃಪ್ತಿಯಿಂದ ಕಣ್ಣು ಮುಚ್ಚಿದ.

ಅಂಚಿನಲ್ಲೆಲ್ಲೂ ಕ್ಯಾನ್ಸರ್ ಉಳಿದಿಲ್ಲ ಎಂದು ವರದಿ ಬಂತು. ಮನೆಗೆ ಬಂದ ಗಾದಿರಾಯ ಕುಂಟುತ್ತಲೇ ಚಿಕಿತ್ಸಾಲಯಕ್ಕೆ ಹೋಗಿ, ಯಾರೂ ಕರೆಯದಿದ್ದರೂ, ಬೆಂಚುಗಳನ್ನೂ ಡಾಕ್ಟರ ಕುರ್ಚಿಯನ್ನೂ ಬಿಚ್ಚಿ, ನಾರನ್ನೆಲ್ಲ ಕಿತ್ತು, ಬೆರಳು ಹುಗಿಯುವಷ್ಟು ದಪ್ಪಗೆ ಹತ್ತಿ ಹಾಕಿದ. ಬೀದಿಯಲ್ಲಿ ಕಥೆ ಹಬ್ಬಿತು. ಸಾವಿನ ಬಾಗಿಲು ತಟ್ಟಿ ಬಂದವನಿಗೆ ಹಗೆಯೆಲ್ಲ ಕರಗಿದೆ, ಇನ್ನು ಕಾವಿ ಉಡುವುದೊಂದೇ ಬಾಕಿ ಎಂದರು. ಅತ್ತಿಗೆಯ ಸೋಫಾ ಇನ್ನೂ ಹಾಗೆಯೇ ಇದೆ ಎಂಬುದು ಅವರ ಗಮನಕ್ಕೆ ಬರಲಿಲ್ಲ.

ಹೊಸ ಕುರ್ಚಿಯಲ್ಲಿ ಮೊದಲ ಬಾರಿಗೆ ನೆಟ್ಟಗೆ ಕೂತ ಡಾಕ್ಟರು ಕಾಲಿನ ಪಟ್ಟಿ ಬಿಚ್ಚುತ್ತ ಮೆಲ್ಲಗೆ ಹೇಳಿದರು. "ಕಾಂಪೌಂಡರು ನಾರನ್ನ ತೋರಿಸಿದ. ಎಲ್ಲ ಅರ್ಥ ಆಯ್ತು. ಇಷ್ಟೆಲ್ಲ ಆದ್ಮೇಲೂ ನೀವು ನನ್ನನ್ನ ಕ್ಷಮಿಸಿದ್ರಲ್ಲ, ಅದು ದೊಡ್ಡ ಮನಸ್ಸು."

"ಅದಲ್ಲ ಡಾಕ್ಟ್ರೇ. ಇನ್ಮೇಲೆ ಆಗಾಗ ಬಂದು ತೋರಿಸ್ಬೇಕು ಅಂದ್ರಲ್ಲ, ಆ ಬೆಂಚ್ ಮೇಲೆ ನಾನೇ ಕೂರ್ಬೇಕು."