ಅವಳಿಗಿಂತ ಮೊದಲೇ ಓದಿದವರು

ಹಾಸನದಲ್ಲಿ ನಾವು ಮೂವರು ಹೆಣ್ಣುಮಕ್ಕಳು ಸೇರಿ ಒಂದು ಮಹಡಿ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆವು. ನಾನು ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ನನ್ನದೇ ವಯಸ್ಸಿನ ಗೆಳತಿ ಅರಕಲಗೂಡಿನವಳು, ವಿಮೆ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಳು. ಮೂರನೆಯವರು ಹೊಳೆನರಸೀಪುರದ ಕಡೆಯ ನರ್ಸ್. ನಮಗಿಂತ ಹಿರಿಯರಾದ್ದರಿಂದ ನಾವಿಬ್ಬರೂ ಅವರನ್ನು ಅಕ್ಕ ಎನ್ನುತ್ತಿದ್ದೆವು.

ಗೆಳತಿಯನ್ನೂ ನನ್ನನ್ನೂ ಒಂದೇ ಮನೆಗೆ ತಂದುಹಾಕಿದ್ದು ಆಲೂಗಡ್ಡೆ. ಅವಳ ಅಣ್ಣನಿಗೆ ಅರಕಲಗೂಡಿನಲ್ಲಿ ಬಿತ್ತನೆ ಬೀಜ, ಗೊಬ್ಬರದ ಅಂಗಡಿ. ನನ್ನ ಸೋದರಮಾವ ಬಾಗೂರಿನಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ. ಇಬ್ಬರಿಗೂ ಹಾಸನದ ಮಾರುಕಟ್ಟೆಯಲ್ಲಿ ಪರಿಚಯವಾಗಿ, 'ನಮ್ಮುಡ್ಗೀನೂ ನಿಮ್ಮುಡ್ಗೀನೂ ಒಟ್ಟಿಗಿದ್ರೆ ನಮಗೂ ನೆಮ್ದಿ' ಎಂದು ಮಾತಾಗಿತ್ತು. ನಾವು ಮನೆಗೆ ಬಂದ ದಿನವೇ ಅವಳಣ್ಣ ನನ್ನ ನಂಬರು ಬರೆದುಕೊಂಡ. ಆಮೇಲೆ ಒಂದೆರಡು ಸಲ ಫೋನ್ ಮಾಡಿ, "ನಮ್ಮುಡ್ಗಿ ಎಂಗವ್ಳೆ?" ಎಂದು ಕೇಳಿದ್ದ. ಚೆನ್ನಾಗಿದ್ದಾಳೆ ಎಂದಿದ್ದೆ. ನನಗೂ ಅವನಿಗೂ ಆದ ಮಾತು ಅಷ್ಟೇ. ಆದರೆ ಅಷ್ಟು ಮಾತು ಮುಂದೆ ನನಗೇ ಮುಳುವಾಯಿತು.

ಮೊದಲು ಬಂದದ್ದು ಜ್ವರದ ವಿಷಯ. ಗೆಳತಿಗೆ ಜ್ವರ ಬಂದು, ಅಕ್ಕ ಕೊಟ್ಟ ಮಾತ್ರೆಯಲ್ಲೇ ಇಳಿದಿತ್ತು. ಊರಿನಲ್ಲಿ ಗಾಬರಿಯಾಗುತ್ತಾರೆಂದು ಅವಳು ಮನೆಗೆ ಹೇಳಿರಲಿಲ್ಲ. ಎರಡು ದಿನ ಕಳೆದು ಅವಳ ಅವ್ವ ಫೋನ್ ಮಾಡಿ, "ಜ್ವರ ಬಂದಿತ್ತಂತಲ್ಲ ಮಗಾ, ಈಗೆಂಗದೆ?" ಎಂದರು. ಫೋನಿಟ್ಟವಳು ನನ್ನ ಕಡೆ ತಿರುಗಿ ಕೇಳಿದಳು: "ನೀನೇನಾದ್ರೂ ಅಣ್ಣಂಗೆ ಹೇಳಿದ್ಯೇನೇ?"

"ಇಲ್ವಲ್ಲ, ನಾನ್ಯಾಕೆ ಹೇಳ್ಲಿ?"

ಅವತ್ತು ಇಬ್ಬರೂ ಅದನ್ನು ನಕ್ಕು ಬಿಟ್ಟೆವು.

ಆಮೇಲೊಂದು ಭಾನುವಾರ ನಾವಿಬ್ಬರೂ ಅವಳ ಸಹೋದ್ಯೋಗಿಯ ಸ್ಕೂಟರ್ ಇಸಿದುಕೊಂಡು ಹತ್ತಿರದ ಮೊಸಳೆ ಎಂಬ ಊರಿಗೆ ಹೋಗಿಬಂದೆವು. ಜೋಡಿ ಗುಡಿಗಳ ನಡುವೆ ಕೂತು ಪುಳಿಯೋಗರೆ ತಿಂದದ್ದು ಬಿಟ್ಟರೆ ಬೇರೇನೂ ನಡೆದಿರಲಿಲ್ಲ. ಮಾರನೆಯ ದಿನ ಅವಳಣ್ಣ ಫೋನಿನಲ್ಲಿ, "ಗುಡಿ ಚೆನ್ನಾಗಿತ್ತಾ? ಗಾಡಿ ಯಾರ್ದು?" ಎಂದನಂತೆ. ಈ ಸಲ ಅವಳು ನನ್ನನ್ನು ಏನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಚುಚ್ಚಿತು.

ಅಲ್ಲಿಂದ ಮನೆಯ ರೀತಿಯೇ ಬದಲಾಯಿತು. ಅವಳು ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಒಯ್ಯತೊಡಗಿದಳು. ನಾನು ಕೋಣೆಗೆ ಬಂದರೆ ಫೋನನ್ನು ಬೋರಲು ಹಾಕುತ್ತಿದ್ದಳು. ಕಚೇರಿಯವರ ಜೊತೆ ಮಾತಾಡಬೇಕಿದ್ದರೆ ಒಗೆದ ಬಟ್ಟೆ ಹರವುವ ನೆಪದಲ್ಲಿ ತಾರಸಿಗೆ ಹೋಗುತ್ತಿದ್ದಳು. ಅಕ್ಕನಿಗೆ ಅನುಮಾನವಿದ್ದದ್ದು ಮೆಟ್ಟಿಲ ಮೇಲೆ ಮನೆಯೊಡತಿ ಹಾಕಿಸಿದ್ದ ಕ್ಯಾಮೆರಾದ ಮೇಲೆ. ಕೆಳಗೆ ಹೋಗಿ ಕೇಳಿಯೂ ಬಂದರು. "ಕಳ್ಳರಿಗೆ ಅಂತ ಆಕ್ಸಿರೋದು ಕಣಮ್ಮ, ನಿಮ್ಮನ್ನ ನೋಡ್ಕೊಂಡ್ ಕೂತ್ಕೊಳಕ್ಕೆ ನಂಗೇನ್ ಬೇರೆ ಕೆಲ್ಸ ಇಲ್ವಾ?" ಎಂದು ಮನೆಯೊಡತಿ ಸಿಟ್ಟಾದರು. ಅಕ್ಕನಿಗೆ ಸಮಾಧಾನವಾಗಲಿಲ್ಲ. ಮೆಟ್ಟಿಲು ಹತ್ತುವಾಗ ವೇಲನ್ನು ತಲೆಯ ಮೇಲೆ ಎಳೆದುಕೊಂಡೇ ಬರುತ್ತಿದ್ದರು.

ನನಗೆ ಅನುಮಾನ ಹುಟ್ಟಿದ್ದು ಬೇರೆ ಕಾರಣಕ್ಕೆ. ಚನ್ನರಾಯಪಟ್ಟಣದಲ್ಲಿದ್ದ ನನ್ನ ಅಮ್ಮನಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಹಾಸನಕ್ಕೆ ಕರೆಸಿಕೊಂಡು ಸ್ಕ್ಯಾನ್ ಮಾಡಿಸಿದ್ದೆ. "ಯಾರ್ಗೂ ಹೇಳ್ಬೇಡ, ನಿಮ್ಮ ಮಾವಂಗಂತೂ ಬೇಡವೇ ಬೇಡ" ಎಂದು ಅಮ್ಮ ಆಣೆ ಹಾಕಿಸಿಕೊಂಡಿದ್ದಳು. ರಿಪೋರ್ಟ್ ಕೈಗೆ ಬಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅದನ್ನು ಒಬ್ಬಳೇ ಓದಲು ಧೈರ್ಯ ಸಾಲದೆ, ಫೋಟೋ ತೆಗೆದು ಗೆಳತಿಗೆ ಕಳಿಸಿದ್ದೆ. ನಾಲ್ಕು ದಿನಕ್ಕೆ ಮಾವನ ಫೋನ್ ಬಂತು.

"ಅಕ್ಕುಂಗೆ ಗೆಡ್ಡೆ ಆಗದಂತೆ. ನಾನೇನ್ ಸತ್ತೋಗಿದ್ನಾ? ಒಂದ್ಮಾತು ಯೋಳ್ಬಾರ್ದಾ ಕಣಮ್ಮಿ?"

"ನಿಮ್ಗೆ ಯಾರು ಹೇಳಿದ್ರು ಮಾವ?"

"ಯಾರಾದ್ರೇನು ಬುಡು. ಆಪ್ರೇಸನ್ನು ಯಾವತ್ತು ಅಂತ ಯೋಳು, ಬತ್ತೀನಿ."

ಆ ರಿಪೋರ್ಟನ್ನು ನಾನು ಕಳಿಸಿದ್ದು ಒಬ್ಬಳಿಗೇ. ಆ ರಾತ್ರಿ ಊಟಕ್ಕೆ ಕೂತಾಗ ಅವಳ ಮುಖ ನೋಡುವುದೇ ನನಗೆ ಬೇಡವಾಯಿತು. ಅಮ್ಮ ಹೇಗಿದ್ದಾರೆ ಎಂದು ಕೇಳಿದಳು. ಪರವಾಗಿಲ್ಲ ಎಂದೆ. ಇವಳಿಗೆ ಇನ್ನು ಏನನ್ನೂ ಹೇಳಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವಳೂ ಅದನ್ನೇ ಅಂದುಕೊಳ್ಳುತ್ತಿದ್ದಳು ಎಂಬುದು ತಿಳಿಯಲು ಇನ್ನೂ ಸ್ವಲ್ಪ ಕಾಲ ಬೇಕಾಯಿತು.

ಅಷ್ಟರಲ್ಲಿ ಅವಳಿಗೆ ಬಡ್ತಿಯಾಗಿ ಹುಬ್ಬಳ್ಳಿಯ ಕಚೇರಿಗೆ ಹೋಗುವ ಅವಕಾಶ ಬಂತು. ಮನೆಯಲ್ಲಿ ಮದುವೆ ಮಾತು ನಡೆದಿತ್ತು, ಗೊತ್ತಾದರೆ ಕಳಿಸುವುದಿಲ್ಲ. ಆದೇಶ ಕೈಗೆ ಬಂದ ಮೇಲೆ ಹೇಳೋಣವೆಂದು ಸುಮ್ಮನಿದ್ದಳು. ಒಂದು ಶನಿವಾರ ಅವಳಣ್ಣ ಹೇಳದೆ ಕೇಳದೆ ಬಂದು ನಡುಮನೆಯ ಕುರ್ಚಿಯಲ್ಲಿ ಕೂತ.

"ಹುಬ್ಳಿಗೋಯ್ತೀಯಂತೆ? ಮನೇಲಿ ಒಂದ್ಮಾತು ಕೇಳ್ದೆ? ಬಟ್ಟೆ ಕಟ್ಕೊ, ಓಗಣ."

ಅವಳು ಬರುವುದಿಲ್ಲ ಎಂದಳು. ಬಹಳ ಹೊತ್ತು ಕೂತಿದ್ದು, ನಾನು ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದುಹೋದ.

ಮಾರನೆಯ ದಿನ ಮಧ್ಯಾಹ್ನ ಜಗಳವಾಯಿತು. ಅನ್ನಕ್ಕೆ ನೀರಿಡುತ್ತಿದ್ದ ನನ್ನ ಹಿಂದೆ ಬಂದು ನಿಂತು, "ಎಷ್ಟು ದಿನದಿಂದ ನಡೀತಿದೆ ಇದು?" ಎಂದಳು. "ನಿಮ್ಮ ಮಾವನೂ ನಮ್ಮಣ್ಣನೂ ಸ್ನೇಹಿತರು. ನೀನು ಅವರಿಗೆ ಹೇಳ್ತೀಯ, ಅವರು ಇವನಿಗೆ ಹೇಳ್ತಾರೆ."

"ಹಾಗಾದ್ರೆ ನಮ್ಮಮ್ಮನ ವಿಷಯ ಮಾವನಿಗೆ ಹೇಳಿದ್ಯಾರು? ನಾನು ರಿಪೋರ್ಟ್ ಕಳಿಸಿದ್ದು ನಿಂಗೊಬ್ಬಳಿಗೇ."

ಮಾವನಿಗೆ ಗೊತ್ತಾಗಿರುವುದೇ ಅವಳಿಗೆ ಗೊತ್ತಿರಲಿಲ್ಲ. ಗಲಾಟೆ ಕೇಳಿ ಅಕ್ಕ ಕೋಣೆಯಿಂದ ಬಂದರು. "ಇಬ್ರೂ ಹೇಳಿಲ್ಲ ಅಂದ್ರೆ ಹೇಳಿದ್ದು ಗೋಡೇನಾ?" ಎಂದರು.

ಆಗ ಗೆಳತಿ, ಹದಿನೈದು ದಿನದಿಂದ ನಮ್ಮನ್ನು ಪರೀಕ್ಷೆ ಮಾಡುತ್ತಿದ್ದೇನೆ ಎಂದು ಹೇಳಿದಳು. ಕೆಲಸ ಬಿಡುತ್ತೇನೆಂದು ನನಗೊಂದು ಸುಳ್ಳು ಹೇಳಿದ್ದಳು. ಚನ್ನರಾಯಪಟ್ಟಣದಲ್ಲಿ ಒಬ್ಬ ಹುಡುಗನನ್ನು ನೋಡಲು ಹೋಗುತ್ತೇನೆಂದು ಅಕ್ಕನಿಗೆ ಇನ್ನೊಂದು. ಎರಡರಲ್ಲಿ ಒಂದೂ ಊರಿಗೆ ಮುಟ್ಟಿರಲಿಲ್ಲ. ನನಗೆ ಗುಮಾನಿ ಬಂದು ಎಚ್ಚರವಾಗಿದ್ದೇನೆ ಎಂದೇ ಅವಳು ತಿಳಿದಿದ್ದಳಂತೆ. ಅಕ್ಕನಿಗೆ ಇದು ಬಹಳ ನೋವಾಯಿತು. "ನನ್ನನ್ನೂನಾ?" ಎಂದಷ್ಟೇ ಅಂದರು.

ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಬಾಯಲ್ಲಿ ಹೇಳಿದ್ದು ಊರಿಗೆ ಹೋಗಿಲ್ಲ. ಕೇಳಿದರೆ, ಜ್ವರ, ಮೊಸಳೆ, ಹುಬ್ಬಳ್ಳಿ ಎಲ್ಲವನ್ನೂ ಅವಳು ಸ್ಕೂಟರ್ ಕೊಟ್ಟ ಸಹೋದ್ಯೋಗಿಗೆ ವಾಟ್ಸ್ಆ್ಯಪಿನಲ್ಲಿ ಬರೆದಿದ್ದಳು. ನನ್ನ ಅಮ್ಮನ ವಿಷಯವನ್ನು ನಾನು ಅವಳಿಗೆ ಬರೆದಿದ್ದೆ. ಹೋದದ್ದೆಲ್ಲ ಬರೆದದ್ದೇ. ಇದನ್ನು ಹೇಳಿದಾಗ ಅವಳಿಗೂ ಒಂದು ನೆನಪಾಯಿತು. "ಓದಿ ಯಾಕೆ ಉತ್ತರ ಕೊಡಲ್ಲ ಅಂತ ಆ ಆಫೀಸಿನವಳು ಬೈತಾಳೆ ಕಣೇ. ನಾನು ತೆಗೆದೇ ಇರಲ್ಲ, ಆದ್ರೂ ಅವಳಿಗೆ ನೀಲಿ ಗುರುತು ಬಂದಿರುತ್ತೆ."

"ಫೋನ್ ಕೊಡು" ಎಂದೆ. ಒಂದು ಕ್ಷಣ ತಡೆದು ಕೊಟ್ಟಳು.

ವಾಟ್ಸ್ಆ್ಯಪ್ ಯಾವ ಯಾವ ಯಂತ್ರಗಳಲ್ಲಿ ತೆರೆದಿದೆ ಎಂದು ತೋರಿಸುವ ಜಾಗವೊಂದಿದೆ. ತರಗತಿಯಲ್ಲಿ ನಾನೇ ಅದನ್ನು ಕಲಿಸುತ್ತಿದ್ದೆ. ಅಲ್ಲಿ ಒಂದು ಕಂಪ್ಯೂಟರ್ ಇತ್ತು, ಅವತ್ತು ಬೆಳಿಗ್ಗೆಯೂ ಬಳಕೆಯಾಗಿತ್ತು. ಅವಳ ಹತ್ತಿರ ಕಂಪ್ಯೂಟರೇ ಇಲ್ಲ. "ನೆನಪು ಮಾಡ್ಕೊ, ಎಲ್ಲಾದ್ರೂ ತೆಗೆದಿದ್ಯಾ?" ಎಂದೆ. ಹಬ್ಬಕ್ಕೆ ಊರಿಗೆ ಹೋದಾಗ ಅಣ್ಣನ ಅಂಗಡಿಯಲ್ಲಿ ಯಾವುದೋ ಕಾಗದದ ಪ್ರಿಂಟ್ ತೆಗೆಯಲು ತೆರೆದಿದ್ದಳು. ಬಸ್ಸಿನ ಅವಸರದಲ್ಲಿ ಮುಚ್ಚದೆ ಎದ್ದು ಬಂದಿದ್ದಳು.

ಈಗಲೇ ತೆಗೆದುಹಾಕು ಎಂದು ನಾನು. ಪೊಲೀಸರಿಗೆ ದೂರು ಕೊಡು ಎಂದು ಅಕ್ಕ. ಅವಳು ಎರಡನ್ನೂ ಕೇಳಲಿಲ್ಲ. ವಾಟ್ಸ್ಆ್ಯಪಿನಲ್ಲಿ ನಮಗೆ ನಾವೇ ಬರೆದುಕೊಳ್ಳಲು ಒಂದು ಜಾಗವಿರುತ್ತದಲ್ಲ, ಅದರಲ್ಲಿ ಬರೆದಳು: 'ಅಣ್ಣಾ, ಇದನ್ನ ನೀನು ಓದ್ತೀಯ ಅಂತ ನಂಗೊತ್ತು. ಕೇಳೋದೇನಾದ್ರೂ ಇದ್ರೆ ನನ್ನನ್ನೇ ಕೇಳು.'

ಬಿತ್ತನೆ ಕಾಲವಾದ್ದರಿಂದ ಭಾನುವಾರವೂ ಅವನ ಅಂಗಡಿ ತೆರೆದಿರುತ್ತಿತ್ತು. ಮೂವರೂ ಊಟ ಬಿಟ್ಟು ಫೋನನ್ನೇ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಅದು ಹೊಡೆದುಕೊಂಡಿತು. ನಮಗೂ ಕೇಳಲೆಂದು ಅವಳು ಸ್ಪೀಕರ್ ಹಾಕಿದಳು.

"ಏನಮ್ಮಿ ಇದು, ಇಂಗ್ ಬರ್ದಿದ್ದೀಯ?"

"ಓದಿದ್ಯಲ್ಲ, ಅದೇ."

"ನಾನೇನ್ ಕದ್ ನೋಡಿದ್ನಾ? ನೀನೇ ತಗ್ದು ಬುಟ್ಟೋಗಿದ್ದೆ. ಕಂಪ್ಯೂಟ್ರು ಆನ್ ಮಾಡುದ್ರೆ ನಿಂದೇ ಬತ್ತಿತ್ತು. ಕಣ್ಣು ಮುಚ್ಕೊಂಡ್ ಯಾಪಾರ ಮಾಡ್ಲಾ?"

"ಮೊದಲ್ನೇ ದಿನಾನೇ ಹೇಳ್ಬೋದಿತ್ತಲ್ಲ ಅಣ್ಣ?"

"ಕಾಲ ಕೆಟ್ಟೋಗದೆ. ಏನಾರಾ ಎಚ್ಚುಕಮ್ಮಿ ಆದ್ರೆ ನಾಳೆ ಎಲ್ಲಾರೂ ನನ್ನೇ ಕೇಳೋದು. ನಿನ್ನ ಒಳ್ಳೇದ್ಕೇ ಕಣಮ್ಮಿ."

"ನಾನು ಡಾಕ್ಟರಿಗೆ ಬರೆದಿದ್ದೂ ಓದಿದ್ಯಾ?"

ಹೆಂಗಸರ ಡಾಕ್ಟರೊಬ್ಬರಿಗೆ ಅವಳು ಮೆಸೇಜು ಮಾಡುತ್ತಿದ್ದದ್ದು ನಮಗೂ ಆಗಲೇ ತಿಳಿದದ್ದು. ಅವಳ ಕಣ್ಣಲ್ಲಿ ನೀರು ಇಳಿಯಿತು. ಅಕ್ಕ ಎದ್ದುಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟರು.

ಮಾತು ಬದಲಿಸಲೆಂದೋ ಏನೋ ಅವನು, "ನಿನ್ ಫ್ರೆಂಡು ಅಲ್ಲೇ ಅವ್ರಾ? ಅವ್ರ ತಾಯಿ ಎಂಗವ್ರಂತೆ ಕೇಳು. ಪಾಪ, ಒಬ್ರೇ ಒದ್ದಾಡ್ತಾವ್ರಲ್ಲ ಅಂತ ನಾನೇ ಅವ್ರ ಮಾವಂಗೆ ಯೋಳ್ದೆ" ಎಂದ.

ಅವನ ದನಿಯಲ್ಲಿ ನಿಜವಾದ ಕನಿಕರವಿತ್ತು. ಅದೇ ನನ್ನ ಸಿಟ್ಟನ್ನು ಏರಿಸಿತು. ಅಮ್ಮನ ಎದೆಯ ಚಿತ್ರವಿದ್ದ ಆ ರಿಪೋರ್ಟನ್ನು ಗೊಬ್ಬರದ ಅಂಗಡಿಯಲ್ಲಿ ಇವನು ತೆರೆದು ನೋಡಿದ್ದ. ಪಕ್ಕದಲ್ಲಿ ಇನ್ಯಾರಿದ್ದರೋ. ನನ್ನ ಫೋನನ್ನು ಯಾರೂ ಮುಟ್ಟಿರಲಿಲ್ಲ, ನನ್ನ ಪಾಸ್‌ವರ್ಡು ಯಾರಿಗೂ ಗೊತ್ತಿರಲಿಲ್ಲ. "ಅಮ್ಮ ಚೆನ್ನಾಗಿದ್ದಾರೆ, ಇನ್ಮೇಲೆ ನಮ್ಮ ಮನೆ ವಿಷಯ ನಿಮಗೆ ಬೇಡ" ಎಂದೆ. ಅವನು ಫೋನಿಟ್ಟ. ಅವಳು ಅಂಗಡಿಯ ಕಂಪ್ಯೂಟರನ್ನು ತನ್ನ ಖಾತೆಯಿಂದ ತೆಗೆದುಹಾಕಿದಳು.

ಪೊಲೀಸರ ಹತ್ತಿರ ಅವಳು ಹೋಗಲಿಲ್ಲ. ಅಣ್ಣ, ಎಷ್ಟಾದರೂ ಅಣ್ಣ ಎಂದಳು. ಆದರೆ ಮುಂದಿನ ವಾರ ಒಬ್ಬಳೇ ಅರಕಲಗೂಡಿಗೆ ಹೋಗಿ ಅವ್ವನ ಮುಂದೆ ಕೂತು ಹುಬ್ಬಳ್ಳಿಯ ಮಾತು ಹೇಳಿದಳು. ಅವ್ವ ಅತ್ತು, ಕೊನೆಗೆ ಚಟ್ನಿಪುಡಿ ಕಟ್ಟಿಕೊಟ್ಟರಂತೆ. ಅಣ್ಣ ಅಂಗಡಿಯಿಂದ ಮನೆಗೇ ಬರಲಿಲ್ಲ.

ಅಮ್ಮನ ಆಪರೇಷನ್ ಹಾಸನದಲ್ಲೇ ಆಯಿತು. ಕ್ಯಾನ್ಸರ್ ಅಲ್ಲ ಎಂದರು. ಮಾವ ಬಾಗೂರಿನಿಂದ ದಿನವೂ ಬಂದು, ಔಷಧಿಗೆ ಓಡಾಡಿ, ನನ್ನನ್ನು ಊಟಕ್ಕೆ ಎಬ್ಬಿಸಿ ಕಳಿಸುತ್ತಿದ್ದ. ಅವನಿಲ್ಲದಿದ್ದರೆ ನನಗೆ ಕಷ್ಟವಾಗುತ್ತಿತ್ತು, ಇಲ್ಲವೆನ್ನಲಾರೆ. ಆದರೆ ಅವನು ವಾರ್ಡಿನೊಳಗೆ ಬಂದಾಗಲೆಲ್ಲ ಅಮ್ಮ ಸೆರಗನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅವನು ಹೊರಗೆ ಹೋದ ಮೇಲೆ ನನ್ನನ್ನು ಕೇಳಿದಳು: "ತಮ್ಮಂಗೆ ಯಾರೇ ಹೇಳಿದ್ದು?" ನಡೆದದ್ದನ್ನೆಲ್ಲ ಹೇಳಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ. "ನೀನು ಹೇಳ್ನಿಲ್ಲ ತಾನೆ?" ಎಂದು ಮತ್ತೆ ಕೇಳಿದಳು. ಇಲ್ಲ ಎಂದೆ. ನಂಬಿದಳೆಂದು ಈಗಲೂ ನಾನು ಖಂಡಿತವಾಗಿ ಹೇಳಲಾರೆ.

ಗೆಳತಿ ಹುಬ್ಬಳ್ಳಿಗೆ ಹೋಗಿ ಅಲ್ಲೇ ನೆಲೆ ನಿಂತಳು. ವಾರಕ್ಕೊಮ್ಮೆಯಾದರೂ ಮಾತಾಡುತ್ತೇವೆ. ಅವಳು ನನ್ನ ಕ್ಷಮೆ ಕೇಳಿದ್ದಾಳೆ, ನಾನೂ ಅವಳ ಕ್ಷಮೆ ಕೇಳಿದ್ದೇನೆ. ಮೊನ್ನೆ ಫೋನ್ ಮಾಡಿ, "ಅಮ್ಮನ್ನ ಈ ಸಲ ತಪಾಸಣೆಗೆ ಕರ್ಕೊಂಡು ಹೋಗಿದ್ಯಾ? ಏನಂದ್ರು?" ಎಂದಳು.

"ಪಕ್ಕದಲ್ಲಿ ಯಾರಾದ್ರೂ ಇದಾರೇನೇ?" ಎಂದೆ, ಯೋಚಿಸದೆಯೇ.

ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದಾಯಿತು. "ಈಗಿಲ್ಲ, ಹೇಳು" ಎಂದಳು.

ಎಲ್ಲ ಸರಿಯಾಗಿದೆ ಎಂದೆ. ಡಾಕ್ಟರು ಹೇಳಿದ್ದರಲ್ಲಿ ಅರ್ಧವನ್ನಷ್ಟೇ ಹೇಳಿದೆ.