ಒಂದೂವರೆ ಗಂಟೆಯ ದಾರಿ

ನನ್ನ ತಂಗಿ ಮಾಲ್ಡೀವ್ಸ್‌ನ ಮಾಲೆಯಲ್ಲಿ ನರ್ಸ್. ಮದುವೆ ಗೊತ್ತಾದಾಗ, ತನಗೆ ಕೆಲಸ ಕಲಿಸಿ ಈಗ ಕೊಲಂಬೊ ಸೇರಿದ್ದ ಹಿರಿಯ ನರ್ಸನ್ನು ಕರೆಯಲು ವಿಮಾನ ಹತ್ತಿದಳು. ಫೋನಲ್ಲಿ ಕರೆದರೆ ಕರೆದಂಗಲ್ಲ, ಮನೆಗೇ ಹೋಗಿ ಕುಂಕುಮ ಕೊಟ್ಟು ಕರೀಬೇಕು ಅಂತ ಅವಳಿಗೆ ಕಲಿಸಿದ್ದು ಅವ್ವನೇ.

“ಎಷ್ಟು ದೂರ ಆಯ್ತದ್ಲಾ ಅದು?” ಅವ್ವ ಕೇಳಿದಳು.

ಮೊಬೈಲಲ್ಲಿ ನೋಡಿ ಹೇಳಿದೆ: “ಏಳುನೂರೈವತ್ತು ಕಿಲೋಮೀಟರ್ ಮೇಲೆ. ನಡುವೆ ಬರೀ ಸಮುದ್ರ. ವಿಮಾನದಲ್ಲಿ ಒಂದೂವರೆ ಗಂಟೆ.”

“ಅಷ್ಟೇಯಾ?”

ನನಗೆ ರೇಗಿತು. ಚನ್ನರಾಯಪಟ್ಟಣದ ನಮ್ಮ ಮನೆಯಿಂದ ಅರಕಲಗೂಡಿನ ದೊಡ್ಡವ್ವನ ಮನೆಗೆ, ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿದರೂ, ಹೆಚ್ಚುಕಡಿಮೆ ಅಷ್ಟೇ ಹೊತ್ತು. ದೊಡ್ಡವ್ವ ಗೃಹಪ್ರವೇಶಕ್ಕೆ ಫೋನಲ್ಲಿ ಕರೆದಳೆಂದು ಅವ್ವ ಹೋಗಿರಲಿಲ್ಲ. ಈಗ ಮಗಳ ಮದುವೆಗೆ ತಾನೂ ಅಕ್ಕನನ್ನು ಫೋನಲ್ಲೇ ಕರೆದು ಸುಮ್ಮನಾಗಿದ್ದಳು.

“ಮಗಳು ಸಮುದ್ರ ದಾಟವ್ಳೆ. ನಿಂಗೆ ಹೇಮಾವತಿ ಹೊಳೆ ದಾಟಕ್ಕಾಗಲ್ವಾ?” ಅಂದೆ.

ಮರುದಿನ ಬೆಳಿಗ್ಗೆ ನೋಡಿದರೆ ಅವ್ವ ಒಳ್ಳೆ ಸೀರೆ ಉಟ್ಟು, ಬ್ಯಾಗಿಗೆ ಕುಂಕುಮದ ಭರಣಿ ಹಾಕಿಕೊಂಡು ನಿಂತಿದ್ದಳು.

ಅರಕಲಗೂಡಿನಲ್ಲಿ ದೊಡ್ಡವ್ವ ಬಾಗಿಲಿಗೇ ಬಂದು ಅವ್ವನ ಕೈ ಹಿಡಿದುಕೊಂಡಳು.

“ಫೋನ್ ಮಾಡಿದ್ದೆಯಲ್ಲೇ, ಸಾಕಾಗಿತ್ತು. ಇಷ್ಟು ದೂರ ಯಾಕೆ ಬರಾಕೋದೆ?” ಅಂದಳು, ಹಿಡಿದ ಕೈ ಬಿಡದೆ.